ಕರೆಂಟ್ ಹೋಗಿ ತೆರೆಯದಾದ ವರ್ಡ್ ಕಡತ: ಸೋಮವಾರಪೇಟೆಯ ಕಾದಂಬರಿಕಾರರಿಗೆ

ಕರೆಂಟ್ ಹೋದ ಮೇಲೆ ನಿಮ್ಮ ಕಾದಂಬರಿಯ ವರ್ಡ್ ಕಡತ ತೆರೆಯುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಟೈಪಿಸುತ್ತಿದ್ದಾಗಲೇ ಕರೆಂಟ್ ಹೋಗಿದ್ದರಿಂದ ಕಡತ ಅರ್ಧ ಮಾತ್ರ ಸೇವ್ ಆಗಿ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಕಾದಂಬರಿಯೇ ಹೋಯಿತೆಂದು ಈಗಲೇ ಕೈಚೆಲ್ಲಬೇಡಿ. ಆ ಕಂಪ್ಯೂಟರಿನಲ್ಲಿ ಸದ್ಯಕ್ಕೆ ಹೊಸದೇನನ್ನೂ ಉಳಿಸಬೇಡಿ. ಹಳೆಯ ಬರಹವಿದ್ದ ಜಾಗದಲ್ಲಿ ಹೊಸದು ಕುಳಿತರೆ ಮತ್ತೆ ದಕ್ಕುವುದಿಲ್ಲ.

ಮೊದಲು ಕೆಟ್ಟ ಕಡತದ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ವರ್ಡ್‌ನ ಓಪನ್ ಕಿಟಕಿಯಲ್ಲಿ ಆ ಪ್ರತಿಯನ್ನು ಆರಿಸಿ, ಓಪನ್ ಗುಂಡಿಯ ಪಕ್ಕದ ಬಾಣ ಒತ್ತಿ 'ಓಪನ್ ಆ್ಯಂಡ್ ರಿಪೇರ್' ಕೊಡಿ. ಆಗಲಿಲ್ಲವೇ? ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್‌ಗೆ ಹೋಗಿ 'ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್' ನೋಡಿ. ಪೂರ್ತಿ ಸಿಗುತ್ತದೆಂದು ಮಾತು ಕೊಡಲಾರೆ. ವರ್ಡ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಮಾತ್ರ ತಾನಾಗಿ ಪ್ರತಿ ಇಡುತ್ತದೆ, ಕೊನೆಯ ಕೆಲವು ಸಾಲುಗಳು ಹೋಗಿರಬಹುದು.

ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ದಯವಿಟ್ಟು ಅಳಿಸಬೇಡಿ. ಯುನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ವ್ಯವಸ್ಥೆ) ಅಲ್ಲದ, 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದು ಹಾಗೆಯೇ ಕಾಣುತ್ತದೆ. ಎಲ್ಲವನ್ನೂ ಆಯ್ದು ಅದೇ ಫಾಂಟ್ ಕೊಟ್ಟರೆ ಕನ್ನಡ ಮರಳುತ್ತದೆ.

ಕಡತ ಸಿಕ್ಕ ಕೂಡಲೇ ವರ್ಡ್‌ನ ಫೈಲ್, ಆಪ್ಷನ್ಸ್‌ನ ಸೇವ್ ವಿಭಾಗದಲ್ಲಿ ಆ 10 ನಿಮಿಷವನ್ನು 1ಕ್ಕೆ ಇಳಿಸಿ. ನಮ್ಮ ಕೊಡಗಿನ ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲ. ಪ್ರತಿ ಸಂಜೆ ಕಡತವನ್ನು ತಾರೀಕು ಸೇರಿಸಿದ ಹೊಸ ಹೆಸರಿನಲ್ಲಿ ಉಳಿಸಿ ನಿಮಗೇ ಇಮೇಲ್ ಮಾಡಿಕೊಳ್ಳಿ. ನೆಟ್‌ವರ್ಕ್ ಇಲ್ಲದ ದಿನ ಪೆನ್‌ಡ್ರೈವ್ ಸಾಕು.