ಸ್ನಾನ ಆಯ್ತಾ? ಇನ್ನೂ ಇಲ್ಲ ಕಣೇ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನನ್ನ ಮಗಳು ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಾಳೆ. ಡಿಸೆಂಬರ್ ಕೊನೆಗೆ ರಜೆ ಅಂತ ಮನೆಗೆ ಬಂದು ಎಂಟು ದಿನ ಆಯಿತು. ಎದ್ದಾಗಿನಿಂದ ಮಲಗುವವರೆಗೆ ಮೊಬೈಲು. ನಾಲ್ಕು ಗೆಳತಿಯರ ವಾಟ್ಸಾಪ್ ಗ್ರೂಪ್ ಅಂತೆ. ಒಬ್ಬಳು ದುರ್ಗದವಳು, ಒಬ್ಬಳು ಹುಬ್ಬಳ್ಳಿ, ಇನ್ನೊಬ್ಬಳು ಮಂಗಳೂರು. ಅಷ್ಟೊಂದು ಮಾತು ಏನಿರುತ್ತೆ ಅಂತ ಒಂದಿನ ಹಿಂದಿನಿಂದ ಇಣುಕಿ ನೋಡಿದೆ. ‘ಸ್ನಾನ ಆಯ್ತಾ?’ ‘ಇನ್ನೂ ಇಲ್ಲ ಕಣೇ, ನೀರು ಕಾದಿಲ್ಲ.’ ‘ನಮ್ಮನೇಲಿ ಇವತ್ತೂ ಉಪ್ಪಿಟ್ಟು.’ ‘ಅಯ್ಯೋ ಪಾಪ.’ ಇಷ್ಟೇ! ಇದಕ್ಕೆ ನಲವತ್ತು ಮೆಸೇಜು. ನಾನು ಪಕ್ಕದಲ್ಲಿ ಕೂತು ‘ಏನೇ ಸಮಾಚಾರ?’ ಅಂದರೆ ‘ಏನಿಲ್ಲಮ್ಮ’ ಅಂತಾಳೆ. ಕೆಲಸಕ್ಕೆ ಬಾರದ ಈ ಹರಟೆ ಬಗ್ಗೆ ನೀವು ಮಕ್ಕಳಿಗೆ ನಾಲ್ಕು ಬುದ್ಧಿಮಾತು ಬರೆಯಬೇಕು. ಬರುವ ವಾರ ಹಬ್ಬಕ್ಕೆ ಸಜ್ಜೆ ರೊಟ್ಟಿ ತಟ್ಟುವುದಿದೆ, ಅದಕ್ಕಾದರೂ ಕೈ ಜೋಡಿಸುತ್ತಾಳೋ ಇಲ್ಲವೋ ಗೊತ್ತಿಲ್ಲ.
– ಹೆಸರು ಬೇಡ ಎಂದ ಓದುಗರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ:

ಅಕ್ಕಾವ್ರೇ, ನಮಸ್ಕಾರ. ವಯಸ್ಸಿನಲ್ಲಿ ನೀವು ನನಗಿಂತ ಚಿಕ್ಕವರೇ ಇರಬೇಕು. ಆದರೂ ನಮ್ಮ ಕಡೆ ಹೀಗೆ ಕರೆಯುವುದೇ ರೂಢಿ ಅಲ್ವಾ.

ಬುದ್ಧಿಮಾತು ಬರೆಯೋಣ ಅಂತಲೇ ಕೂತೆ. ಎರಡು ಸಾಲು ಬರೆದಿದ್ದೆ. ಅಷ್ಟರಲ್ಲಿ ನನ್ನ ಮೊಬೈಲು ಟಿಂಗ್ ಅಂತು. ಕಾಲೇಜು ಗೆಳೆಯರ ಗ್ರೂಪು. ಹನ್ನೊಂದು ಜನ, ಎಲ್ಲರೂ ಐವತ್ತೈದು ದಾಟಿದವರು. ‘ದುರ್ಗದಲ್ಲಿ ಚಳಿ ಹೆಂಗೈತೋ?’ ಅಂತ ಇಲ್ಲಿಂದ ಒಬ್ಬ ಕೇಳಿದ್ದ. ‘ಚಳಿಗಿಂತ ಗಾಳಿ ಕಣಯ್ಯ, ಮಫ್ಲರ್ ಬಿಚ್ಚಂಗಿಲ್ಲ’ ಅಂತ ದುರ್ಗದ ಗೆಳೆಯನ ಉತ್ತರ. ಮಫ್ಲರ್ ಮೇಲೆ ಆರು ಮೆಸೇಜು ಬಂದವು. ನಾನೂ ಒಂದು ಹಾಕಿದೆ. ತಿರುಗಿ ಬಂದು ನಿಮಗೆ ಬರೆದ ಎರಡು ಸಾಲು ಓದಿದೆ. ಹೊಡೆದು ಹಾಕಿದೆ.

ಈ ಗ್ರೂಪಿನದ್ದೇ ಒಂದು ವಿಷಯ ಹೇಳುತ್ತೇನೆ. ಹಿಂದೊಮ್ಮೆ ಅದನ್ನು ಮ್ಯೂಟ್ ಮಾಡಿಟ್ಟಿದ್ದೆ. ಬೆಳಗಾದರೆ ಗುಲಾಬಿ ಹೂವು, ಶುಭೋದಯ, ಯಾರೋ ಹೇಳದೇ ಇದ್ದ ಸುಭಾಷಿತ. ಸಾಕಪ್ಪ ಅನಿಸಿತ್ತು. 2019ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಸುಮ್ನೆ ತೆರೆದು ನೋಡಿದೆ. ಬೆಳಗ್ಗೆ 6:40ಕ್ಕೆ ಒಬ್ಬ ಬರೆದಿದ್ದ: ‘ಸ್ಟೇಷನ್‌ನಲ್ಲಿ ಇಳಿದೆ. ಚಳಿ ಇದೆ. ಯಾರಾದರೂ ಎದ್ದಿದೀರೇನ್ರಯ್ಯ?’ ಇವನ ಅಪ್ಪ ಇಲ್ಲಿನ ಕಾಟನ್ ಮಿಲ್ಲಿನಲ್ಲಿದ್ದವರು. ಮಿಲ್ಲು ಮುಚ್ಚಿದ ಮೇಲೆ ಮನೆ ಮಂದಿಯೆಲ್ಲ ಪುಣೆಗೆ ಹೋದರು. ಇಪ್ಪತ್ತು ವರ್ಷ ಈ ಕಡೆ ಬಂದಿರಲಿಲ್ಲ. ಹಳೇ ಮನೆ ಮಾರಾಟದ ಕೆಲಸಕ್ಕೆ ಒಂದು ದಿನದ ಮಟ್ಟಿಗೆ ಬಂದಿದ್ದ. ಐದು ಜನ ಹೋಗಿದ್ದರು. ಬೆಣ್ಣೆ ದೋಸೆಯ ಫೋಟೋ ಇತ್ತು. ‘ಚಟ್ನಿ ಅದೇ, ಪಲ್ಯ ಮೊದಲಿನ ಹಂಗಿಲ್ಲ’ ಅಂತ ಅವನ ತೀರ್ಪು. ಅದರ ಮೇಲೆ ದೊಡ್ಡ ವಾದ. ಸಂಜೆ ಮಂಡಕ್ಕಿ, ಮೆಣಸಿನಕಾಯಿ. ‘ಸಂಪಾದಕರು ಎಲ್ಲಿ?’ ಅಂತ ಒಬ್ಬ. ‘ಅವರು ದೊಡ್ಡವರಪ್ಪ’ ಅಂತ ಇನ್ನೊಬ್ಬ. ಸಂಜೆ ಗಾಡಿಗೆ ಅವನು ಹೊರಟೂ ಆಗಿತ್ತು. ನನ್ನ ಮನೆಯಿಂದ ಸ್ಟೇಷನ್ನಿಗೆ ನಡೆದರೆ ಹತ್ತು ನಿಮಿಷ.

ಆವತ್ತೇ ಮ್ಯೂಟ್ ತೆಗೆದೆ. ಗುಲಾಬಿಗಳು ಬರುತ್ತಲೇ ಇವೆ, ಇರಲಿ.

ಈಗ ನಿಮ್ಮ ಮಗಳ ವಿಷಯ. ನೀವು ಬರೆದ ಆ ನಾಲ್ಕು ಮಾತನ್ನು ಮೂರು ಸಲ ಓದಿದೆ. ‘ನಮ್ಮನೇಲಿ ಇವತ್ತೂ ಉಪ್ಪಿಟ್ಟು’, ‘ಅಯ್ಯೋ ಪಾಪ’. ಆ ‘ಇವತ್ತೂ’ ನೋಡಿ. ನಿನ್ನೆಯೂ ಉಪ್ಪಿಟ್ಟೇ ಇತ್ತು, ನಿನ್ನೆಯೂ ಇವರಿಗೆ ಹೇಳಿದ್ದಳು, ಎಲ್ಲ ಅದರಲ್ಲಿದೆ. ನಮ್ಮ ಪತ್ರಿಕೆಗೆ ಬರುವ ಎಷ್ಟೋ ಕತೆಗಳಲ್ಲಿ ಇಷ್ಟು ಬಿಗಿಯಾದ ಸಂಭಾಷಣೆ ಇರುವುದಿಲ್ಲ. ಕತೆ ಕಳಿಸುವವರು ಬೇಜಾರು ಮಾಡಿಕೊಳ್ಳಬಾರದು.

ಸ್ನಾನದ ನೀರಿನ ಮಾತಿಗೆ ಬರೋಣ. ಡಿಸೆಂಬರ್‌ನಲ್ಲಿ ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಏನಿದೆ ಹೇಳಿ. ನಿಮ್ಮ ಮನೆ ಮೇಲೂ ಸೋಲಾರ್ ಇರಬಹುದು. ನಿನ್ನೆಯ ಬಿಸಿಲು ಇವತ್ತಿನ ಸ್ನಾನ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಟಿವಿಯವರು ಹೇಳಿದರೆ, ದಾವಣಗೆರೆಯಲ್ಲಿ ಅದರ ಅರ್ಥ ಇಷ್ಟೇ: ಎರಡು ದಿನ ಮೋಡ, ಸೋಲಾರ್ ಕೈ ಕೊಡುತ್ತೆ. ಬಿಸಿಲಿದ್ದರೂ ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ತಣ್ಣೀರು ಮೊದಲು ಬರಬೇಕು. ಒಂದು ಬಕೆಟ್ ತುಂಬುವವರೆಗೆ ನಲ್ಲಿ ಕೆಳಗೆ ಬೆರಳು ಹಿಡಿದು ನಿಲ್ಲಬೇಕು. ಬೆಚ್ಚಗಾಯಿತು ಅನ್ನುವಷ್ಟರಲ್ಲಿ ಯಾರೋ ಕೆಳಗಿನ ಬಚ್ಚಲಲ್ಲಿ ನಲ್ಲಿ ತಿರುಗಿಸುತ್ತಾರೆ. ಕೊನೆಗೆ ಹೋದವರ ಪಾಲಿಗೆ ಉಗುರು ಬೆಚ್ಚಗೂ ಇಲ್ಲ. ಈ ಕಷ್ಟ ಮಂಗಳೂರಿನ ಹುಡುಗಿಗೆ ಗೊತ್ತೇ ಇಲ್ಲ. ಸಮುದ್ರದ ಪಕ್ಕ ಇರುವವರಿಗೆ ಡಿಸೆಂಬರ್‌ನಲ್ಲೂ ಫ್ಯಾನ್ ಬೇಕು. ದುರ್ಗವೋ ಸಮುದ್ರ ಮಟ್ಟದಿಂದ 700 ಮೀಟರಿಗೂ ಮೇಲಿದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಆ ಬಂಡೆಗಳೆಲ್ಲ ಹಗಲು ಕುಡಿದ ಬಿಸಿಲನ್ನು ಬಿಟ್ಟು ಬೆಳಗಿಗೆ ತಣ್ಣಗಾಗಿರುತ್ತವೆ. ಒಬ್ಬಳು ಫ್ಯಾನ್ ಕೆಳಗೆ, ಒಬ್ಬಳು ಸ್ವೆಟರಿನಲ್ಲಿ. ನಲವತ್ತು ಮೆಸೇಜು ಯಾಕೆ ಆಗಲ್ಲ?

ಇನ್ನೂ ಒಂದು ಮಾತು. ಇವರು ಹಾಸ್ಟೆಲಿನವರು ಅಂದಿರಿ. ಆರು ತಿಂಗಳು ಒಂದೇ ಸಾಲಿನ ರೂಮುಗಳಲ್ಲಿದ್ದವರು. ಬೆಳಗ್ಗೆ ಗೀಸರ್ ಮುಂದೆ ಬಕೆಟ್ ಸಾಲು ಇಟ್ಟವರು. ‘ನಿಂದಾಯ್ತೇನೇ?’ ಅಂತ ಈ ಬಾಗಿಲಿಂದ ಆ ಬಾಗಿಲಿಗೆ ಕೂಗಿ ಅಭ್ಯಾಸ ಆದವರು. ಪರೀಕ್ಷೆ ಮುಗಿದ ಮರುದಿನ ನಾಲ್ಕು ಊರಿನ ಬಸ್ಸು, ರೈಲು ಹತ್ತಿದರು. ಕೂಗುವ ಅಭ್ಯಾಸ ಹಾಗೇ ಉಳಿಯಿತು. ನೀವು ಇಣುಕಿ ನೋಡಿದ್ದು ಅದನ್ನೇ ಅಂತ ನನ್ನ ಅಂದಾಜು. ಆ ವರಾಂಡವೇ ಈಗ ಮೊಬೈಲಿನೊಳಗೆ ಬಂದಿದೆ.

ನಮ್ಮ ಕಾಲದಲ್ಲಿ ಇದು ಇರಲಿಲ್ಲ, ನಿಜ. ಚಳಿಗಾಲದ ರಜೆ ಅನ್ನುವುದೇ ಇರಲಿಲ್ಲ. ದಸರಾ ರಜೆ, ಬೇಸಿಗೆ ರಜೆ, ಮುಗೀತು. ಕ್ರಿಸ್‌ಮಸ್ ರಜೆ ಮಿಷನ್ ಶಾಲೆಯ ಮಕ್ಕಳಿಗೆ, ನಮಗೆ ಹೊಟ್ಟೆಕಿಚ್ಚು. ಗೆಳೆಯರಿಗೆ ಬರೆಯಬೇಕೆಂದರೆ ಕಾರ್ಡು. ‘ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು’ ಅಂತ ಶುರು ಮಾಡಿ ಮಳೆ, ಬೆಳೆ, ಯಾರದೋ ಮದುವೆ ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತಿತ್ತು. ಉಪ್ಪಿಟ್ಟಿಗೆ ಎಲ್ಲಿ ಜಾಗ? ನನ್ನ ಹತ್ತಿರ ಅಂಥ ಕಾರ್ಡುಗಳ ಒಂದು ಕಟ್ಟು ಇದೆ. ಯಾರು ಹುಟ್ಟಿದರು, ಯಾರು ಸತ್ತರು ಎಲ್ಲ ಗೊತ್ತಾಗುತ್ತದೆ. ಆ ಗೆಳೆಯ ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದ ಅಂತ ಮಾತ್ರ ಗೊತ್ತಾಗುವುದಿಲ್ಲ.

ಆಮೇಲೆ ಎಸ್ಸೆಮ್ಮೆಸ್ ಬಂತು. ಜಗತ್ತಿನ ಮೊದಲ ಎಸ್ಸೆಮ್ಮೆಸ್ ಏನಿತ್ತು ಗೊತ್ತಾ? 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಅನ್ನುವ 22 ವರ್ಷದ ಎಂಜಿನಿಯರ್ ಕಂಪ್ಯೂಟರಿನಿಂದ ಒಂದು ಮೊಬೈಲಿಗೆ ಕಳಿಸಿದ್ದು ‘ಮೆರ್ರಿ ಕ್ರಿಸ್‌ಮಸ್’ ಅಂತ. ಹಬ್ಬಕ್ಕೆ ಇನ್ನೂ ಮೂರು ವಾರ ಬಾಕಿ! ಆ ಮೊಬೈಲಿನಲ್ಲಿ ಟೈಪ್ ಮಾಡಿ ಉತ್ತರ ಕಳಿಸುವ ಸೌಲಭ್ಯವೂ ಇರಲಿಲ್ಲ. ಅಂದರೆ ಮೊದಲ ಮೆಸೇಜಿನಲ್ಲೂ ವಿಷಯ ಅಂತ ಏನಿರಲಿಲ್ಲ ನೋಡಿ. ನಮ್ಮಲ್ಲಿ ಹೊಸ ವರ್ಷದ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೆಯುತ್ತಿರಲಿಲ್ಲ, ಒಂದೊಂದಕ್ಕೂ ದುಡ್ಡು. ಅದಕ್ಕೇ ಡಿಸೆಂಬರ್ 30ಕ್ಕೇ ಶುಭಾಶಯ ಕಳಿಸಿ ಉಳಿತಾಯ ಮಾಡುತ್ತಿದ್ದೆವು. 2011ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದವರು, ಅಂದರೆ ಟ್ರಾಯ್‌ನವರು, ಜಾಹೀರಾತಿನ ಕಾಟ ತಡೆಯಲು ದಿನಕ್ಕೆ 100 ಎಸ್ಸೆಮ್ಮೆಸ್ ಅಂತ ಮಿತಿ ಹಾಕಿದಾಗ, ನಮ್ಮ ಕಚೇರಿಯ ಹುಡುಗನೊಬ್ಬ ಮಧ್ಯಾಹ್ನಕ್ಕೇ ಕೋಟಾ ಮುಗಿಸಿ ಸಪ್ಪಗೆ ಕೂರುತ್ತಿದ್ದ. ಅವನೇನು ವ್ಯಾಪಾರ ಮಾಡುತ್ತಿರಲಿಲ್ಲ.

ನಾವಾದರೂ ಏನು ಕಮ್ಮಿ? ಬೀದಿಯಲ್ಲಿ ಸಿಕ್ಕವರು ‘ಎತ್ಲಾಗೆ ಹೊಂಟ್ರಿ?’ ಅಂದರೆ ‘ಇಲ್ಲೇ’ ಅಂತೀವಿ. ಅವರಿಗೆ ವಿಳಾಸ ಬೇಕಿಲ್ಲ, ನಮಗೆ ಕೊಡಬೇಕಿಲ್ಲ. ‘ಊಟ ಆಯ್ತಾ?’ ಅಂದವರು ಅನ್ನ ಬಡಿಸಲು ಬಂದಿರುವುದಿಲ್ಲ. ಮಲಿನೋವ್ಸ್ಕಿ ಅನ್ನುವ ಮಾನವಶಾಸ್ತ್ರಜ್ಞ ನ್ಯೂಗಿನಿ ಪಕ್ಕದ ದ್ವೀಪಗಳ ಜನರ ಜೊತೆ ಇದ್ದು ಬಂದು, 1923ರಲ್ಲಿ ಇಂಥ ಮಾತಿನ ಬಗ್ಗೆ ಬರೆದ. ಸುದ್ದಿ ಮುಟ್ಟಿಸುವುದಕ್ಕಲ್ಲ, ಜೊತೆಗಿದ್ದೇವೆ ಅನ್ನುವುದಕ್ಕೆ ಆಡುವ ಮಾತು ಅಂತ ಅದಕ್ಕೊಂದು ಹೆಸರನ್ನೂ ಇಟ್ಟ. ನಮ್ಮ ಕಟ್ಟೆ ಮೇಲೆ ಒಂದು ಸಂಜೆ ಕೂತಿದ್ದರೂ ಅವನಿಗೆ ಇದು ತಿಳಿಯುತ್ತಿತ್ತು.

ಈಗ ನಿಮ್ಮ ಪತ್ರದ ನಿಜವಾದ ಸಾಲು. ಅದು ಉಪ್ಪಿಟ್ಟಿನದ್ದಲ್ಲ. ‘ಏನೇ ಸಮಾಚಾರ ಅಂದರೆ ಏನಿಲ್ಲಮ್ಮ ಅಂತಾಳೆ.’ ನೋವು ಇರುವುದು ಅಲ್ಲಿ. ಅಕ್ಕಾವ್ರೇ, ‘ಏನಿಲ್ಲಮ್ಮ’ ಅಂದರೆ ಸುಳ್ಳಲ್ಲ. ಸಮಾಚಾರ ಅಂತ ಕೇಳಿದಿರಿ. ಸಮಾಚಾರ ಅಂದರೆ ಮಕ್ಕಳ ತಲೆಯಲ್ಲಿ ಮಾರ್ಕ್ಸು, ಪ್ಲೇಸ್‌ಮೆಂಟು, ಮದುವೆ ಮಾತು. ಅಂಥದ್ದು ನಿಜಕ್ಕೂ ಏನಿಲ್ಲ. ಗೆಳತಿಯರು ಕೇಳುವುದು ನೀರು ಕಾದಿದೆಯಾ ಅಂತ. ಅದಕ್ಕೆ ಉತ್ತರ ಇದೆ, ಉತ್ತರದ ಬಾಲಕ್ಕೆ ಇನ್ನೊಂದು ಮಾತಿದೆ. ಇನ್ನೊಂದು, ‘ಇವತ್ತೂ ಉಪ್ಪಿಟ್ಟಾ?’ ಅಂತ ಅವಳು ನಿಮಗೇ ಅಂದಿದ್ದರೆ ನೀವು ‘ಮಾಡಿ ಹಾಕಿದ್ದು ತಿನ್ನು’ ಅಂದಿರುತ್ತಿದ್ದಿರಿ. ನಾನಾದರೂ ಅದನ್ನೇ ಅನ್ನುತ್ತಿದ್ದೆ. ಗೆಳತಿ ‘ಅಯ್ಯೋ ಪಾಪ’ ಅಂದಳು.

ಇಣುಕಿ ನೋಡಿದ್ದು ಮಾತ್ರ ಸರಿಯಲ್ಲ. ಅಂಚೆಯಣ್ಣ ತಂದ ಕಾರ್ಡನ್ನು ಮನೆಯವರೆಲ್ಲ ಓದುತ್ತಿದ್ದ ಕಾಲ ಹೋಯಿತು. ಊಟದ ತಟ್ಟೆ ಮುಂದೆ ಮೊಬೈಲು ಬೇಡ ಅನ್ನಿ, ರಾತ್ರಿ ಒಂದು ಗಂಟೆವರೆಗೆ ಬೇಡ ಅನ್ನಿ. ಅದರಲ್ಲಿ ನಾನು ನಿಮ್ಮ ಕಡೆ. ಆದರೆ ಅವರ ಹರಟೆಯನ್ನು ‘ಕೆಲಸಕ್ಕೆ ಬಾರದ್ದು’ ಅಂತ ಅವಳ ಮುಂದೆ ಅನ್ನಬೇಡಿ.

ದುರ್ಗದ ಹುಡುಗಿಯನ್ನು ಒಂದು ದಿನ ಮನೆಗೆ ಕರೆಸಿ. ಅರವತ್ತು ಕಿಲೋಮೀಟರು, ಬಸ್ಸಿಗೆ ಒಂದು ಗಂಟೆ ಚಿಲ್ಲರೆ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಯೋಚನೆಯೂ ಇಲ್ಲ. ಮಾರ್ಕೆಟ್ಟಿನಲ್ಲಿ ಹಸಿ ಕಡ್ಲೆಗಿಡ ಬಂದಿದ್ದರೆ ಎರಡು ಕಟ್ಟು ತಂದು ಜಗಲಿ ಮೇಲೆ ಹರವಿ. ಮೂವರೂ ಕೂತು ಕಾಯಿ ಬಿಡಿಸಿ ತಿನ್ನುತ್ತಿರಿ. ಸುಲಿಯುವಾಗ ಅದರ ಹುಳಿ ಬೆರಳಿಗೆ ಅಂಟುತ್ತದೆ, ಮೊಬೈಲು ಮುಟ್ಟಲು ಆಗುವುದಿಲ್ಲ. ಬಾಯಿ ಮಾತ್ರ ಬಿಡುವಾಗಿರುತ್ತದೆ. ಅವರು ಏನೇ ಹರಟಿದರೂ ನೀವು ಸುಮ್ನೆ ಕಾಯಿ ಬಿಡಿಸುತ್ತಿರಿ. ನಡುವೆ ಒಮ್ಮೆ ‘ಹಾಸ್ಟೆಲಲ್ಲಿ ಉಪ್ಪಿಟ್ಟು ಹೆಂಗಿರುತ್ತೆ?’ ಅಂತ ಕೇಳಿ ನೋಡಿ.

ಅಂದ ಹಾಗೆ, ಸಜ್ಜೆ ರೊಟ್ಟಿ ವಿಷಯ ಬರೆದಿರಲ್ಲ. ನೀವು ಅದಕ್ಕೆ ಬಿಳಿ ಎಳ್ಳು ಹಚ್ಚುತ್ತೀರೋ, ಕರಿ ಎಳ್ಳೋ? ನಮ್ಮ ಮನೆಯಲ್ಲಿ ಎರಡು ದಿನದಿಂದ ಇದೇ ಜಗಳ. ನಮ್ಮವ್ವ ಬಿಳಿ ಹಚ್ಚುತ್ತಿದ್ದಳು ಅಂತ ನಾನು, ಅವರ ತವರಲ್ಲಿ ಕರಿ ಅಂತ ನನ್ನ ಹೆಂಡತಿ. ಒಂದು ಕಾರ್ಡು ಬರೆದು ಹಾಕಿ. ಮಗಳ ಕೈಯಲ್ಲೇ ಬರೆಸಿದರೂ ಆಯಿತು.

– ಸಂಪಾದಕ