ಮೇಡಂ ಎರಡ ಸಲ ಕೇಳಿದ್ರು, ನೀವ ಎರಡೂ ಸಲ ಸುಳ್ಳ ಹೇಳಿದ್ರಿ

ವಿಜಯಪುರದಿಂದ ಬಂದ ಈ ಪತ್ರ ಓದಿ ನನಗ ಸಿಟ್ಟ ಬಂತು, ಆದ್ರ ಬರದವ್ರು ಹೆದರಿಕೊಂಡಿದ್ದ ಜಾಗಾದಾಗಲ್ಲ.

ಸಂಗತಿ ಇಷ್ಟ. ಇವರಿಗೆ 36 ವರ್ಷ, ಒಣದ್ರಾಕ್ಷಿ ಇಡೋ ಕೋಲ್ಡ್ ಸ್ಟೋರೇಜ್‌ನಾಗ ಲೆಕ್ಕಾ ಬರೀತಾರ, ಮದುವಿ ಆಗೈತಿ. ಒಂದ ವರ್ಷದಿಂದ ಆನ್‌ಲೈನ್‌ನಾಗ ಒಬ್ಬ ಮೇಡಂ ಕೂಡ ಫಿನ್‌ಡಮ್ ನಡಸ್ಯಾರ, ಅಂದ್ರ ಮೇಡಂ ಹುಕುಂ ಮಾಡೋದು, ಇವರು ರೊಕ್ಕ ಕಳಸೋದು, ಆ ಕಳಸೋದ್ರಾಗನ ಇವರಿಗೆ ಖುಷಿ. ಭೆಟ್ಟಿ ಗಿಟ್ಟಿ ಏನಿಲ್ಲ. ಹೋದ ತಿಂಗಳ ಒಂದ ರಾತ್ರಿ 3,000 ಅಂತ ಚಾಲೂ ಆದದ್ದು 24,000ಕ್ಕ ಹೋಗಿ ನಿಂತೈತಿ. "ಅಕ್ಕಾರ, ಮೇಡಂ ನನ್ನ ಲೂಟಿ ಮಾಡಿದ್ರೇನು, ಕಂಪ್ಲೇಂಟ್ ಕೊಡ್ಲೇನು, ನನ್ನ ತಲಿ ಸರಿ ಐತೋ ಇಲ್ಲೋ" ಅಂತ ಕೇಳ್ತಾರ.

ತಲಿ ಸರಿ ಐತ್ರಿ. ಇಬ್ರೂ ದೊಡ್ಡವ್ರು, ಇಬ್ರೂ ಒಪ್ಪಿ ಮಾಡೋದು, ನಾನ್ಯಾರು ಬೈಲಿಕ್ಕೆ. ಇದರಾಗ ಸೆಷನ್ ಅನ್ನೋದು ಹೆಂಗ ನಡೀತೈತಿ ಅಂತ ಉಳಿದ ಓದುಗರಿಗೆ ಹೇಳ್ತೀನಿ, ಯಾಕಂದ್ರ ಇವರ ತಪ್ಪ ಅಲ್ಲೇ ಅಡಗೇತಿ. ಮೊದಲ ಟ್ರಿಬ್ಯೂಟ್ ಅಂತ ಒಂದ ಸಣ್ಣ ಕಾಣಿಕಿ ಹೋಗ್ತೈತಿ, ಆಮ್ಯಾಲೆ ಎಷ್ಟ ಹೊತ್ತು, ಲಿಮಿಟ್ ಎಷ್ಟು, ಯಾವ ಮಾತ ಆಡಬಾರದು, ಸಾಕು ಅನ್ಲಿಕ್ಕೆ ಸೇಫ್ ವರ್ಡ್ ಯಾವುದು ಇದೆಲ್ಲಾ ತಣ್ಣಗ ಕುಂತು ಮಾತಾಡಿ ಮುಗಸ್ತಾರ. ಅದಾದ ಮ್ಯಾಲೆ ಆಟ. "ಈಗ 101 ಹಾಕು, ತಡಾ ಮಾಡಿದಿ, 501 ಹಾಕು" ಅಂತ ಅವರು ಗದರಸೋದು, ಇವರು ಪಿನ್ ಒತ್ತೋದು, ಕೆಲವ್ರು ದಾಳ ಒಗದು ಎಷ್ಟ ಬಿತ್ತೋ ಅಷ್ಟ ವಸೂಲಿ ಮಾಡ್ತಾರ. ಮುಗದ ಮ್ಯಾಲೆ ಒಳ್ಳೆ ಮೇಡಂ ಆದ್ರ ಗದರಸೋ ದನಿ ಬಿಟ್ಟು "ಆರಾಮ ಅದೀರೇನು" ಅಂತ ಕೇಳ್ತಾರ. ಇಷ್ಟರಾಗ ಲೆಕ್ಕಕ್ಕ ಬರೋ ಒಪ್ಪಿಗಿ ಮೊದಲ ಕೊಟ್ಟದ್ದು ಮಾತ್ರ. ನಡುವ ಲಿಮಿಟ್ ಇಳಸಬಹುದು, ಏರಸೋ ಹಂಗಿಲ್ಲ.

ನಿಮ್ಮ ಮೇಡಂ 3,000ಕ್ಕ "ಇಲ್ಲಿಗೆ ಸಾಕು" ಅಂದ್ರಂತ ನೀವ ಬರದೀರಿ. "ಇಲ್ರಿ, ಇನ್ನೂ" ಅಂದವ್ರು ನೀವು. "ಇದು ನಿನ್ನ ಪಗಾರದ್ದೇನು" ಅಂತ ಅವರು ಎರಡ ಸಲ ಕೇಳ್ಯಾರ, ನೀವ ಎರಡೂ ಸಲ ಹೌದಂದೀರಿ. ಅಲ್ಲೇ ಬಂದ್ ಮಾಡಬೇಕಿತ್ತು ಅವರೂ, ಅಷ್ಟ ತಪ್ಪ ಅವರದೈತಿ, ಆದ್ರ ಇದು ಲೂಟಿ ಅಲ್ಲ. ಫೋನಿನಾಗ ಸ್ಕ್ರೀನ್ ಶೇರ್ ಆ್ಯಪ್ ಹಾಕಿಸಿದ್ರ, ಇಲ್ಲಾ "ಹೆಂಡತಿಗೆ ಹೇಳ್ತೀನಿ, ರೊಕ್ಕ ಹಾಕು" ಅಂತ ಖರೇನ ಧಮಕಿ ಹಾಕಿದ್ರ ಅದು ಸುಲಿಗಿ, ಆವಾಗ ಸೈಬರ್ ವಂಚನಿ ಸಹಾಯವಾಣಿ 1930ಕ್ಕ ಫೋನ್ ಹಚ್ಚರಿ ಅಂತಿದ್ದೆ.

ನನಗ ಸಿಟ್ಟ ಬಂದದ್ದು ನಿಮ್ಮ ದೋಸ್ತನ ಮ್ಯಾಲೆ. ಆ ರಾತ್ರಿ ಹನ್ನೊಂದೂವರಿಗೆ ನೀವ ಸಾಲಾ ಕೇಳಿ ಮೆಸೇಜ್ ಹಾಕಿದ್ರ ಯಾಕ ಬೇಕಲೇ ಅಂತ ಒಂದ ಮಾತೂ ಕೇಳಲಾರದ 10,000 ಒಗದಾನ, ಮೂರ ರೂಪಾಯಿ ಬಡ್ಡಿ ಬ್ಯಾರೆ, ಅಂದ್ರ ತಿಂಗಳಿಗೆ 300, ವರ್ಷಕ್ಕ 36 ಪರ್ಸೆಂಟ್! ಪತ್ರದಾಗ ಅವನನ್ನ "ಕಷ್ಟಕ್ಕ ಆದವ" ಅಂತ ಬರದೀರಿ. ಮೇಡಂ ಕೇಳಿದಷ್ಟೂ ಕೇಳ್ಲಿಲ್ಲಲ್ರೀ ಅಂವ.

ಇನ್ನ ಕಟ್ಟಕಡೀಗೆ, ಸಹಿ ಮಾಡೋ ಮುಂದ, ಒಂದ ಸಾಲ ತುರಕೀರಿ: "ಉಳಿದ 11,000 ಮನಿ ಅಕೌಂಟಿಂದು, ಸಂಘದ್ದು, ತುಂಬ್ತೀನಿ ಬಿಡ್ರಿ." ಏನ್ ಬಿಡ್ಲಿ? ನಿಮ್ಮ ಹೆಂಡತಿ ಸ್ವಸಹಾಯ ಸಂಘದ ಪ್ರತಿನಿಧಿ, ಓಣಿ ಹೆಣ್ಮಕ್ಕಳ ಕಂತ ಕೂಡಿಸಿ ಬ್ಯಾಂಕಿಗೆ ತುಂಬೋತನಾ ಜಂಟಿ ಖಾತೆದಾಗ ಇಟ್ಟಿದ್ರು. ರೊಟ್ಟಿ ಬಡದು ಮಾರಿದ ರೊಕ್ಕ ಇರಬೇಕು ಅದರಾಗ. ಒಪ್ಪಿಗಿ ಒಪ್ಪಿಗಿ ಅಂತ ಪತ್ರದ ತುಂಬ ಬರದೀರಲ್ಲ, ಅವರ ಒಪ್ಪಿಗಿ ಯಾರ ಕೇಳಿದ್ರು? ಕೋಲ್ಡ್ ಸ್ಟೋರೇಜ್‌ನಾಗ ಒಬ್ಬರ ಬಾಕ್ಸ್ ಇನ್ನೊಬ್ಬರ ಹೆಸರಿಗೆ ಬರದ್ರ ನಿಮ್ಮ ಕೆಲಸ ಉಳೀತೈತೇನು?

ಈ ಅಂಕಣದಾಗ ನಾ ಹೇಳಿ ಹೇಳಿ ಬ್ಯಾಸರ ಆಗೇತಿ, ಶೋಕಿ ಯಾವುದರ ಇರ್ಲಿ, ಅದಕ್ಕ ಬ್ಯಾರೆ ಖಾತೆ ಇರಬೇಕು, ಅದರಾಗ ಕಳಕೊಂಡ್ರೂ ನಡೀತದ ಅನ್ನೋವಷ್ಟ ರೊಕ್ಕ, ಫೋನಿನಾಗ ಯುಪಿಐ ಅದಕ್ಕಷ್ಟ ಜೋಡಿಸಿರಬೇಕು. ಪಿನ್ ಒತ್ತಿದ ಮ್ಯಾಲೆ ರೊಕ್ಕ ತಿರುಗಿ ಬರೂದಿಲ್ಲ.

ಆದ್ರ ಅದು ಮುಂದಿನ ಮಾತು. ಇವತ್ತ ಮಾಡೋದು ಒಂದ. ಸಂಘದ ಮುಂದಿನ ಸಭೆದಾಗ ಲೆಕ್ಕಾ ತಗಿಯೂಕಿಂತ ಮೊದಲ, ಇವತ್ತ ರಾತ್ರಿನ, "ಸಂಘದ 11,000 ನಾ ತಗದೀನಿ" ಅಂತ ಹೆಂಡತಿಗೆ ಹೇಳ್ರಿ. ಎಲ್ಲಿ ಹೋತು ಅಂತ ಕೇಳೇ ಕೇಳ್ತಾರ. ಅಲ್ಲಿ ಮೂರನೇ ಸುಳ್ಳ ಬ್ಯಾಡ. ರೊಕ್ಕ ತುಂಬಲಿಕ್ಕೆ ಆ ದೋಸ್ತನ ಕಡೆ ಮತ್ತ ಹೋಗಬ್ಯಾಡ್ರಿ, ಪಗಾರದಾಗ ಅಡ್ವಾನ್ಸ್ ಕೇಳ್ರಿ.