ಆರು ಸಾಲು ಕ್ಷಮೆ, ಅರ್ಧ ಸಾಲು ಪ್ರಶ್ನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ತಂತ್ರಾಂಶ ಬರೆಯುವ ಕೆಲಸಕ್ಕೆ ಸೇರಿ ಆ ಹುಡುಗಿಗೆ ನಾಲ್ಕು ತಿಂಗಳಾಗಿತ್ತು. ನಿದ್ರೆ ಬರುವುದಿಲ್ಲ, ಬೆಳಿಗ್ಗೆ ಕಂಪ್ಯೂಟರ್ ತೆರೆಯುವಾಗ ಎದೆ ಡವಗುಟ್ಟುತ್ತದೆ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದಿದ್ದರು. ಕಾರಣ ಕೇಳಿದಾಗ ಮೊಬೈಲ್ ಚಾಚಿದರು. ತಂಡದ ಹಿರಿಯರೆಲ್ಲರಿಗೂ ಅವರು ಕಳಿಸಿದ್ದ ಇಮೇಲ್, ಅದಕ್ಕೆ ಬಂದ ಉತ್ತರ: “ಲಾಗ್ ಎಲ್ಲಿ? ಯಾವ ಆವೃತ್ತಿ?” ಅಷ್ಟೇ. (ಲಾಗ್ ಎಂದರೆ ಪ್ರೋಗ್ರಾಂ ಓಡುವಾಗ ಏನೇನಾಯಿತೆಂಬುದರ ದಾಖಲೆ.)

“ಎಲ್ಲರೆದುರು ನನ್ನನ್ನು ದಡ್ಡಿ ಎಂದ ಹಾಗಾಯಿತು, ಮೇಡಂ” ಎಂದು ಅತ್ತರು. ಮೂರು ವಾರಗಳಿಂದ ಯಾರನ್ನೂ ಏನನ್ನೂ ಕೇಳದೆ, ಸಿಕ್ಕಿಕೊಂಡಲ್ಲೇ ರಾತ್ರಿಯಿಡೀ ಒದ್ದಾಡುತ್ತಿದ್ದರು.

ನನಗೆ ಪ್ರೋಗ್ರಾಮಿಂಗ್ ಬಾರದು. ಆದರೂ ಆ ಇಮೇಲ್‌ನಲ್ಲಿ ಏನಿಲ್ಲ ಎಂಬುದು ನನಗೂ ಕಾಣುತ್ತಿತ್ತು. ವಿಷಯದ ಸಾಲಿನಲ್ಲಿ “ದಯವಿಟ್ಟು ಸಹಾಯ ಮಾಡಿ, ತುರ್ತು”. ಆಮೇಲೆ ಆರು ಸಾಲು ಕ್ಷಮಾಪಣೆ: ತೊಂದರೆ ಕೊಡುತ್ತಿದ್ದೇನೆ, ಹೊಸಬಳು, ಪೆದ್ದು ಪ್ರಶ್ನೆ ಇರಬಹುದು. ಕೊನೆಗೆ ಅರ್ಧ ಸಾಲು: “ಪ್ರೋಗ್ರಾಂ ಓಡುತ್ತಿಲ್ಲ.” ಮಾಡಿದ್ದನ್ನು ಬಿಡಿಸಿ ಬರೆದರೆ ತಪ್ಪು ಬಯಲಾಗುತ್ತದೆಂಬ ಅಂಜಿಕೆಯಿಂದ ವಿವರವನ್ನೇ ನುಂಗಿದೆ ಎಂದು ಎರಡನೆಯ ಭೇಟಿಯಲ್ಲಿ ಒಪ್ಪಿಕೊಂಡರು. ಆ ವಿನಯ ಅವರಿಗೆ ಗುರಾಣಿಯಾಗಿತ್ತು; ಓದಿದವರ ಕೈಗೆ ಮಾತ್ರ ಏನೂ ಸಿಗಲಿಲ್ಲ.

ಉತ್ತರದಲ್ಲಿ ಅವರು ಕೇಳಿಸಿಕೊಂಡ ದನಿಯ ಬಗ್ಗೆಯೂ ಮಾತಾಡಿದೆವು. ಬರೆದ ಮಾತಿನಲ್ಲಿ ದನಿ ಎಷ್ಟು ಕಳೆದುಹೋಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ: ತಮ್ಮ ಇಮೇಲ್‌ನ ವ್ಯಂಗ್ಯ ಓದುವವರಿಗೆ ತಿಳಿದೇ ತಿಳಿಯುತ್ತದೆ ಎಂದು ಬರೆದವರು ನಂಬುತ್ತಾರೆ, ಅಷ್ಟರಮಟ್ಟಿಗೆ ಅದು ತಿಳಿಯುವುದಿಲ್ಲ. ನಮ್ಮ ಹುಡುಗಿಯದು ಅದರ ತಿರುವುಮುರುವು. ಇಲ್ಲದ ತಾತ್ಸಾರ ಅವರಿಗೆ ಕೇಳಿಸಿತ್ತು. “ಲಾಗ್ ಎಲ್ಲಿ?” ಎಂದು ಕೇಳಿದವರು ಆ ಸಮಸ್ಯೆಗೆ ಆಗಲೇ ಕೈ ಹಾಕಿದ್ದಾರೆ, ಅಲ್ಲವೇ ಎಂದೆ. ಬಹಳ ಹೊತ್ತು ಸುಮ್ಮನಿದ್ದರು.

ಅದೇ ಪ್ರಶ್ನೆಯನ್ನು ನನ್ನೆದುರು ಮತ್ತೆ ಬರೆಸಿದೆ. ಕ್ಷಮೆ ಒಂದು ಸಾಲೂ ಬೇಡ. ಏನು ಮಾಡಲು ಹೊರಟಿದ್ದಿರಿ, ಏನು ಆಗಬೇಕಿತ್ತು, ಏನಾಯಿತು, ಈಗಾಗಲೇ ಏನೇನು ಪ್ರಯತ್ನಿಸಿದಿರಿ. ದೋಷ ಸಂದೇಶದ ಫೋಟೊ ಬೇಡ, ಪಠ್ಯವನ್ನೇ ಅಂಟಿಸಿ. ಆಗ ಅದನ್ನು ನಕಲು ಮಾಡಿ ಹುಡುಕಬಹುದು. ತೊಂದರೆ ಮರುಕಳಿಸುವಷ್ಟು ಮಾತ್ರ ಕೋಡ್ ಸಾಕು. ಗುರಿಯನ್ನು ತಪ್ಪದೆ ಹೇಳಿ. ಹಿಡಿದ ದಾರಿಯೇ ತಪ್ಪಿದ್ದರೆ ಹಿರಿಯರು ಅಲ್ಲೇ ತಿರುಗಿಸುತ್ತಾರೆ. ಬೇಸರ ತಂದ ಉತ್ತರಕ್ಕೆ ಒಂದು ರಾತ್ರಿ ಕಳೆದ ಮೇಲೆ ಮರುತ್ತರ ಬರೆಯಿರಿ ಎಂದಾಗ, ಇದು ಆಪ್ತಸಲಹೆಗಾರರ ಮಾತು ಎಂದು ನಕ್ಕರು. ಅಲ್ಲ, ಅದು ಜಾಲಶಿಷ್ಟಾಚಾರ ಕುರಿತು ತಂತ್ರಜ್ಞರೇ 1995ರಲ್ಲಿ ಹೊರತಂದ ಆರ್‌ಎಫ್‌ಸಿ 1855 ಎಂಬ ಅಂತರಜಾಲ ಮಾರ್ಗಸೂಚಿಯಲ್ಲಿದೆ!

ಒಂದು ಗೆರೆಯನ್ನೂ ಎಳೆದೆ. ಮೊಟಕು ಉತ್ತರ ಬೇರೆ, ಅವಮಾನ ಬೇರೆ. ಬುದ್ಧಿಯನ್ನೋ ಹುಟ್ಟನ್ನೋ ಹಂಗಿಸಿದರೆ ಅದನ್ನು ಸಹಿಸುವುದು ಶಿಷ್ಟಾಚಾರವಲ್ಲ. ಮೇಲಿನವರಿಗೆ ಲಿಖಿತವಾಗಿ ತಿಳಿಸಬೇಕು. ಇಲ್ಲಿ ಹಾಗಾಗಿರಲಿಲ್ಲ.

ಮೂರನೆಯ ಭೇಟಿಗೆ ಹೊಸ ಇಮೇಲ್‌ನೊಂದಿಗೆ ಬಂದರು. ಉತ್ತರ ಈ ಬಾರಿಯೂ ಒಂದೇ ಸಾಲು: “ಹಳೆಯ ಆವೃತ್ತಿಯಲ್ಲಿ ಓಡಿಸಿ ನೋಡಿ.” ಅದರಿಂದ ಸಮಸ್ಯೆ ಬಗೆಹರಿಯಲಿಲ್ಲ. ಹಾಗೆಂದು ತಿಳಿಸಿ ಅವರು ಅದೇ ಮಧ್ಯಾಹ್ನ ಮರುತ್ತರ ಬರೆದಿದ್ದರು, ಹೊಸ ಲಾಗ್ ಅಂಟಿಸಿ.